ವೇದಿಕೆ ಮೇಲಿನ ಚೆಕ್ಕಿಗಿಂತ ತಿಂಗಳ ಸಂಬಳ ಕೊಡಿ: ಮುಂಬೈ-ಪುಣೆಯ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ, ಗೌರವ ಪ್ರಧಾನ ಕಾರ್ಯದರ್ಶಿಗಳಿಗೆ ಮತ್ತು ಮುಖ್ಯವಾಗಿ ಗೌರವ ಕೋಶಾಧಿಕಾರಿಗಳಿಗೆ,

ನಮಸ್ಕಾರ.

ವಿದ್ಯಾರ್ಥಿವೇತನದ ಅರ್ಜಿ ನಮೂನೆಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿವೆ. ಅಂಕಪಟ್ಟಿಯ ಜೆರಾಕ್ಸ್, ರೇಷನ್ ಕಾರ್ಡಿನ ಜೆರಾಕ್ಸ್, ಆದಾಯದ ದಾಖಲೆ, ಎರಡು ಫೋಟೋ, ಆಜೀವ ಸದಸ್ಯರೊಬ್ಬರ ಶಿಫಾರಸು. ಮಕ್ಕಳು ಇದನ್ನೆಲ್ಲ ಜುಲೈ-ಆಗಸ್ಟಿನಲ್ಲಿ ತುಂಬಿ ಕೊಡುತ್ತಾರೆ. ಸಮಿತಿ ಕೂತು ನೋಡುವುದು ದಸರಾ ಕಳೆದ ಮೇಲೆ. ಚೆಕ್ಕು ಸಿಗುವುದು ಡಿಸೆಂಬರ್-ಜನವರಿಯ ವಾರ್ಷಿಕೋತ್ಸವದಲ್ಲಿ. ಅಷ್ಟರಲ್ಲಿ ಫೀಸು ಕಟ್ಟುವ ಕಾಲ ಮುಗಿದಿರುತ್ತದೆ, ಸಾಲವೂ ಆಗಿರುತ್ತದೆ.

ಈ ಪತ್ರದಲ್ಲಿ ನಾನು ಕೇಳುವುದು ಒಂದೇ. ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳಿಗೆ ವರ್ಷಕ್ಕೊಮ್ಮೆ ಚೆಕ್ಕು ಕೊಡುವ ಬದಲು, ನಿಮ್ಮ ಸಂಘದಲ್ಲೇ ವಾರಕ್ಕೆ ಹತ್ತು ಗಂಟೆಯ ಕೆಲಸ ಕೊಡಿ. ಗಂಟೆ ಲೆಕ್ಕ ಇಟ್ಟು, ಪ್ರತಿ ತಿಂಗಳ ಮೊದಲ ವಾರ ಅವರ ಖಾತೆಗೆ ದುಡ್ಡು ಹಾಕಿ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಪುಣೆಯ ಕಾಲೇಜೊಂದರ ಲೈಬ್ರರಿಯಲ್ಲಿ ಸಹಾಯಕಿ. ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ, ಮದುವೆಯಾಗಿ ಇಲ್ಲಿಗೆ ಬಂದವಳು. ಸಂಘಗಳ ವಿಷಯದಲ್ಲೂ ಹೊರಗಿನವಳಲ್ಲ. ಮಹಿಳಾ ವಿಭಾಗದಲ್ಲಿದ್ದಾಗ ಅರಿಶಿನ-ಕುಂಕುಮಕ್ಕೆ ಎಳ್ಳುಂಡೆ ಕಟ್ಟಿದ್ದೇನೆ, ವಿದ್ಯಾರ್ಥಿವೇತನದ ಲಕೋಟೆಗಳ ಮೇಲೆ ಹೆಸರು ಬರೆದಿದ್ದೇನೆ. ಇನ್ನೊಂದು ಕಡೆ, ನೌಕರಿಯ ಭಾಗವಾಗಿ, ‘ಕಮವಾ ವ ಶಿಕಾ’ (ದುಡಿಯಿರಿ, ಕಲಿಯಿರಿ) ಯೋಜನೆಯಲ್ಲಿ ಲೈಬ್ರರಿಗೆ ಬರುವ ಮಕ್ಕಳ ಹಾಜರಿ ಪುಸ್ತಕ ನನ್ನ ಮೇಜಿನ ಮೇಲೇ ಇರುತ್ತದೆ. ಎರಡೂ ಕಡೆಯಿಂದ ನೋಡಿದವಳಾದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಮಹಾರಾಷ್ಟ್ರದಲ್ಲಿ ಓದಿದವರಿಗೆ ಈ ಯೋಜನೆ ಗೊತ್ತು. ಊರ ಕಡೆಯಿಂದ ಬಂದವರಿಗಾಗಿ ಸ್ವಲ್ಪ ಹೇಳುತ್ತೇನೆ. ಕರ್ಮವೀರ ಭಾವುರಾವ್ ಪಾಟೀಲರು ಹುಟ್ಟಿದ್ದು ಕೊಲ್ಲಾಪುರ ಜಿಲ್ಲೆಯ ಕುಂಭೋಜದಲ್ಲಿ, ನಮ್ಮ ಚಿಕ್ಕೋಡಿ-ನಿಪ್ಪಾಣಿಯಿಂದ ಅಂಥ ದೂರವೇನಲ್ಲ. 1919ರಲ್ಲಿ ಕರಾಡದ ಹತ್ತಿರ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ಶುರು ಮಾಡಿದರು. ಆಮೇಲೆ ಸಾತಾರದಲ್ಲಿ ಬೋರ್ಡಿಂಗ್ ತೆರೆದರು. ಎಲ್ಲ ಜಾತಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು, ಅಡುಗೆಗೂ ಹೊಲಕ್ಕೂ ಕೈ ಹಚ್ಚಬೇಕು, ಜೊತೆಗೆ ಓದಬೇಕು. ದುಡ್ಡು ಸಾಲದೆ ಬಂದಾಗ ಅವರ ಹೆಂಡತಿ ಲಕ್ಷ್ಮೀಬಾಯಿ ಮೈಮೇಲಿನ ಒಡವೆ ಮಾರಿ ಆ ಹುಡುಗರಿಗೆ ಅನ್ನ ಹಾಕಿದರು. 1947ರಲ್ಲಿ ಸಾತಾರದ ಛತ್ರಪತಿ ಶಿವಾಜಿ ಕಾಲೇಜು ಶುರುವಾದಾಗ ಇದೇ ಪದ್ಧತಿ ಕಾಲೇಜಿಗೂ ಬಂತು. ಇವತ್ತು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದಲ್ಲಿ ಈ ಯೋಜನೆ ಕರ್ಮವೀರರ ಹೆಸರಿನಲ್ಲೇ ನಡೆಯುತ್ತಿದೆ. ಪಾಠ ಮುಗಿದ ಮೇಲೆ ಲೈಬ್ರರಿ, ಆಫೀಸು, ಲ್ಯಾಬು, ತೋಟ, ಎಲ್ಲಿ ಬೇಕೋ ಅಲ್ಲಿ ಎರಡು-ಮೂರು ಗಂಟೆ ಕೆಲಸ. ಗಂಟೆ ಲೆಕ್ಕದಲ್ಲಿ ಸಂಬಳ.

ನಮ್ಮ ಹಿರಿಯರ ಕಾಲದಲ್ಲಿ ಬಡ ಹುಡುಗರು ವಾರಾನ್ನ ಮಾಡಿಕೊಂಡು ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅನ್ನ ಹಾಕಿದವರು ಪುಣ್ಯವಂತರೇ. ಆದರೆ ಅಲ್ಲಿ ಉಂಡವರು ಆ ಮನೆಗಳ ಜಗಲಿಯಲ್ಲಿ ಕಾದು ಕೂತದ್ದನ್ನೂ ಹೇಳುತ್ತಿದ್ದರು. ಕರ್ಮವೀರರು ಆ ಕಾಯುವುದನ್ನು ತಪ್ಪಿಸಿದರು.

ಈಗ ಒಬ್ಬಳು ಹುಡುಗಿಯ ವಿಷಯ. ಹೆಸರು ಬೇಡ. ಬಿಕಾಂ ಎರಡನೇ ವರ್ಷ. ಅಪ್ಪ ಗೌಂಡಿ, ಅಮ್ಮ ಅದೇ ಸೈಟಿನಲ್ಲಿ ಹೆಲ್ಪರ್. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಂಬಾಣಿ ತಾಂಡಾದವರು. ಸೈಟು ಎಲ್ಲಿಗೆ ಹೋದರೆ ಅಪ್ಪ-ಅಮ್ಮನ ಪತ್ರೆ ಶೆಡ್ಡು ಅಲ್ಲಿಗೆ ಹೋಗುತ್ತದೆ. ಹಿಂಜವಡಿ ಆಯಿತು, ವಾಘೋಲಿ ಆಯಿತು, ಈಗ ಚಾಕಣ ಕಡೆ. ಹುಡುಗಿ ಏಳನೇ ತರಗತಿವರೆಗೆ ಅಜ್ಜಿ ಹತ್ತಿರ ಊರಲ್ಲಿದ್ದು ಕನ್ನಡ ಶಾಲೆಯಲ್ಲಿ ಕಲಿತಳು, ಆಮೇಲೆ ಇಲ್ಲಿ ಮರಾಠಿ ಶಾಲೆ. ಈಗ ಕಾಲೇಜಿನ ಹತ್ತಿರ ಮೂವರು ಗೆಳತಿಯರ ಜೊತೆ ಒಂದು ಖೋಲಿ, ಎರಡು ಹೊತ್ತು ಮೆಸ್ಸಿನ ಊಟ.

ಲೈಬ್ರರಿಯಲ್ಲಿ ಅವಳಿಗೆ ಕೊಟ್ಟ ಕೆಲಸ ಹೊಸ ಪುಸ್ತಕಕ್ಕೆ ಠಸ್ಸೆ ಹೊಡೆಯುವುದು, ದಾಖಲೆ ನಂಬರ್ ಬರೆಯುವುದು, ಬೆನ್ನಿಗೆ ಲೇಬಲ್ ಅಂಟಿಸುವುದು, ಬಾರ್‌ಕೋಡ್ ಹಾಕುವುದು. ಒಂದು ದಿನ ಹಿಂದಿನ ಸಾಲಿನ ರ್‍ಯಾಕು ಒರೆಸುತ್ತಿದ್ದವಳು ಒಂದು ಕಟ್ಟು ಪುಸ್ತಕ ಎತ್ತಿಕೊಂಡು ಬಂದಳು. ಯಾರೋ ಪುಣ್ಯಾತ್ಮರು ದಾನ ಕೊಟ್ಟದ್ದು. ಮೇಲೆ ಚೀಟಿಯಲ್ಲಿ ‘ತೆಲುಗು’ ಅಂತ ಬರೆದಿತ್ತು. “ಮೇಡಂ, ಇವು ತೆಲುಗು ಅಲ್ರಿ, ಕನ್ನಡ ಅದಾವ್ರಿ” ಅಂದಳು. ನಾನು ಆ ಕಡೆ ತಲೆ ಹಾಕಿದ್ದೇ ಇಲ್ಲ, ಆ ರ್‍ಯಾಕು ಬೇರೆಯವರ ಪಾಲಿನದು. ಮುಂದಿನ ಎರಡು ವಾರ ಅವಳು ಅಷ್ಟೂ ಪುಸ್ತಕ ಬಿಡಿಸಿ, ಒಳಪುಟ ಓದಿ, ಲೇಖಕರ ಹೆಸರು, ಪ್ರಕಾಶಕರು, ಇಸವಿ ಎಲ್ಲ ಕಂಪ್ಯೂಟರಿಗೆ ಹಾಕಿದಳು. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತದ್ದೂ ಆವಾಗಲೇ. ಊಟದ ಬಿಡುವಿನಲ್ಲಿ ಒಂದು ಕಥಾಸಂಕಲನ ಓದುತ್ತಾ ಕೂತಿದ್ದಳು. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ.

ಲೆಕ್ಕ ಮಾಡಿ ನೋಡಿ. ಗಂಟೆಗೆ ಐವತ್ತು ರೂಪಾಯಿಯ ಆಸುಪಾಸು, ದಿನಕ್ಕೆ ಮೂರು ಗಂಟೆ, ತಿಂಗಳಿಗೆ 20 ದಿನ. ಸುಮಾರು 3,000 ರೂಪಾಯಿ. ಅದು ಅವಳ ಮೆಸ್ಸಿನ ಬಿಲ್ಲು. ಜಾಸ್ತಿ ಏನೂ ಅಲ್ಲ, ಆದರೆ ಊಟದ ಚಿಂತೆ ಇಲ್ಲ ಅಂದರೆ ಅರ್ಧ ಓದು ಆದ ಹಾಗೆಯೇ ಅಲ್ವಾ?

ಇಲ್ಲೇ ಎಡವಟ್ಟಾಗುವುದು. ನಾನು ಹಿಂದೆ ಇದ್ದ ಒಂದು ಕಾಲೇಜಿನಲ್ಲಿ ಆಗಸ್ಟಿನಲ್ಲಿ ಮಾಡಿದ ಕೆಲಸದ ದುಡ್ಡು ಡಿಸೆಂಬರಿನಲ್ಲಿ ಬರುತ್ತಿತ್ತು. ಗ್ರ್ಯಾಂಟ್ ಬಂದಿಲ್ಲ, ಸಹಿ ಆಗಿಲ್ಲ, ಪಟ್ಟಿ ವಾಪಸ್ ಬಂದಿದೆ, ಹೀಗೆ ಏನೋ ಒಂದು. ಆಫೀಸಿನವರಿಗೆ ಅದು ಒಂದು ಫೈಲು. ಮೆಸ್ಸಿನ ಮಾವಶಿಗೆ ಫೈಲು ತೋರಿಸಿದರೆ ಆಗುತ್ತದಾ? ಅಲ್ಲಿದ್ದ ಒಬ್ಬ ಹುಡುಗ ಎರಡು ತಿಂಗಳು ಕಾದು, ಲೈಬ್ರರಿ ಬಿಟ್ಟು, ಬೈಕು ಹಿಡಿದು ರಾತ್ರಿ ಊಟ ತಲುಪಿಸುವ ಕೆಲಸಕ್ಕೆ ಹೋದ. ಅಲ್ಲಿ ವಾರ ವಾರ ದುಡ್ಡು. ಬೆಳಗಿನ ಎಂಟು ಗಂಟೆಯ ಕ್ಲಾಸಿಗೆ ಅವನು ಬರುವುದು ಕಮ್ಮಿಯಾಯಿತು, ಆಮೇಲೆ ನಿಂತೇ ಹೋಯಿತು. ಅವನನ್ನು ಓದಿನಿಂದ ಬಿಡಿಸಿದ್ದು ಕೆಲಸ ಅಂತ ಹೇಳಿದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತಡವಾದ ಸಂಬಳ ಬಿಡಿಸಿತು.

ಇನ್ನು ನಿಮ್ಮ ಚೆಕ್ಕಿನ ಸಂಗತಿ. ನನ್ನ ಲೈಬ್ರರಿಯ ಈ ಹುಡುಗಿಗೂ ಹೋದ ವರ್ಷ ಒಂದು ಸಂಘದಿಂದ ಚೆಕ್ಕು ಸಿಕ್ಕಿತು. ಯಾವ ಸಂಘ ಅಂತ ಬರೆಯುವುದಿಲ್ಲ, ಬರೆದರೂ ಉಪಯೋಗವಿಲ್ಲ, ಎಲ್ಲ ಕಡೆ ಹೆಚ್ಚುಕಮ್ಮಿ ಇದೇ ಕಥೆ. ಸಮಾರಂಭ ನಾಲ್ಕು ಗಂಟೆಗೆ ಅಂತ ಆಮಂತ್ರಣ. ಶುರುವಾದದ್ದು ಐದೂವರೆಗೆ. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ ಮಾತು, ಅತಿಥಿಗಳ ಪರಿಚಯ, ದಾನಿಗಳಿಗೆ ಶಾಲು-ಪೇಟ-ಸ್ಮರಣಿಕೆ-ಹಣ್ಣಿನ ಬುಟ್ಟಿ. ಆಮೇಲೆ ಇವರ ಸರದಿ. ತಾಯಿ ಆ ದಿನದ ಕೂಲಿ ಬಿಟ್ಟು, ಚಾಕಣದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಪಾಲಕರು ಇರಲೇಬೇಕು ಅಂತ ನಿಯಮವಲ್ಲವೇ? ಹೆಸರು ಕೂಗಿದರು, ‘ಕಡುಬಡತನದಲ್ಲೂ’ ಅಂತ ಒಂದು ವಾಕ್ಯ ಸೇರಿಸಿದರು. ಚೆಕ್ಕನ್ನು ನಾಲ್ಕು ಜನ ಒಟ್ಟಿಗೆ ಹಿಡಿದುಕೊಂಡು ಫೋಟೋ ತೆಗೆಸಿಕೊಂಡರು. 3,000 ರೂಪಾಯಿ. ಫೋಟೋ ಮರುದಿನ ಎಲ್ಲ ಕಡೆ ಹೋಯಿತು. “ನಮ್ಮ ಕ್ಲಾಸಿನ ಗ್ರೂಪಿನ್ಯಾಗೂ ಬಂತ್ರಿ ಮೇಡಂ” ಅಂದಳು. ಅದಕ್ಕಿಂತ ಹೆಚ್ಚು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಲೈಬ್ರರಿಯಲ್ಲಿ ಅವಳು ಒಂದು ತಿಂಗಳಲ್ಲಿ ದುಡಿಯುವುದೂ ಅದೇ 3,000. ಅದಕ್ಕಾಗಿ ಅವಳ ಅಮ್ಮ ಕೂಲಿ ಬಿಡಬೇಕಿಲ್ಲ. ಯಾರೂ ಫೋಟೋ ತೆಗೆಯುವುದಿಲ್ಲ.

ಚೆಕ್ಕು ಕೊಟ್ಟವರಿಗೆ ಕೆಟ್ಟ ಮನಸ್ಸಿತ್ತು ಅಂತ ನಾನು ಹೇಳುತ್ತಿಲ್ಲ. ದಾನಿಗಳಿಗೆ ತಾವು ಕೊಟ್ಟದ್ದು ಕಣ್ಣಿಗೆ ಕಾಣಬೇಕು, ಮುಂದಿನ ವರ್ಷವೂ ಅವರು ಕೊಡಬೇಕು, ಕಾರ್ಯದರ್ಶಿಗಳಿಗೆ ಆ ಒತ್ತಡ ಇರುತ್ತದೆ, ಗೊತ್ತು. ಆದರೆ ವೇದಿಕೆಗೆ ಕರೆದು ಕೊಟ್ಟದ್ದನ್ನು ಆ ಮಕ್ಕಳು ಎಷ್ಟು ವರ್ಷ ಹೊತ್ತುಕೊಂಡಿರುತ್ತಾರೆ ಅಂತ ನೀವು ಒಮ್ಮೆ ಅವರನ್ನೇ, ಮೈಕು ಇಲ್ಲದ ಕಡೆ, ಕೇಳಿ ನೋಡಿ.

ಸರ್ಕಾರಿ ಸ್ಕಾಲರ್‌ಶಿಪ್ ಇದೆಯಲ್ಲ, ಮಹಾರಾಷ್ಟ್ರ ಸರ್ಕಾರದ ಮಹಾಡಿಬಿಟಿ ಪೋರ್ಟಲಿನಲ್ಲಿ ಅರ್ಜಿ ಹಾಕಿದರೆ ಆಯಿತಲ್ಲ ಅಂತ ಕೇಳುವವರಿದ್ದಾರೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಜಾರಿ ಬೀಳುವುದು ಅಲ್ಲೇ. ಡೊಮಿಸೈಲ್, ಅಂದರೆ ಈ ರಾಜ್ಯದ ನಿವಾಸಿ ಅನ್ನುವ ಪ್ರಮಾಣಪತ್ರ, ಬೇಕೆಂದರೆ ಮಹಾರಾಷ್ಟ್ರದಲ್ಲಿ 15 ವರ್ಷ ಇದ್ದದ್ದಕ್ಕೆ ದಾಖಲೆ ಕೊಡಬೇಕು. ಪತ್ರೆ ಶೆಡ್ಡಿನಲ್ಲಿ ಇದ್ದವರಿಗೆ ಬಾಡಿಗೆ ಕರಾರು ಎಲ್ಲಿಂದ ಬರಬೇಕು, ಲೈಟ್ ಬಿಲ್ಲು ಎಲ್ಲಿಂದ ಬರಬೇಕು? ಜಾತಿ ಪ್ರಮಾಣಪತ್ರದ್ದು ಇನ್ನೂ ದೊಡ್ಡ ಗಂಟು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಇಲ್ಲಿ ಅದೇ ಬಂಜಾರಾ ಸಮುದಾಯ ವಿಮುಕ್ತ ಜಾತಿಗಳ ಪಟ್ಟಿಯಲ್ಲಿದೆ. ಅಲ್ಲಿನ ಪ್ರಮಾಣಪತ್ರ ಇಲ್ಲಿನ ಸೌಲಭ್ಯಕ್ಕೆ ನಡೆಯುವುದಿಲ್ಲ. ಇಲ್ಲಿನದು ಬೇಕೆಂದರೆ ಕುಟುಂಬ 21 ನವೆಂಬರ್ 1961ಕ್ಕೂ ಮೊದಲೇ ಈ ರಾಜ್ಯದಲ್ಲಿತ್ತು ಅಂತ ತೋರಿಸಬೇಕು. ಪರಿಶಿಷ್ಟ ಜಾತಿಗಾದರೆ 1950, ಒಬಿಸಿಗಾದರೆ 1967. ಅಜ್ಜನೇ ಹುಟ್ಟಿರದ ಕಾಲದ ದಾಖಲೆಯನ್ನು ಮೊಮ್ಮಗಳು ಹುಡುಕಬೇಕು. ಆದಾಯ ಕಮ್ಮಿ ಇರುವ ಕೆಲವು ವರ್ಗಗಳ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಫೀಸು 2024ರಿಂದ ಮಾಫಿಯಾಗಿದೆ, ಒಳ್ಳೆಯದೇ. ಆದರೆ ಬಿಕಾಂ ಅದರೊಳಗೆ ಬರುವುದಿಲ್ಲ. ಬಂದಿದ್ದರೂ ಖೋಲಿ ಬಾಡಿಗೆ, ಮೆಸ್ಸು, ಬಸ್ ಪಾಸು ಮಾಫಿಯಾಗುವುದಿಲ್ಲ.

ಎರಡು ರಾಜ್ಯದ ನಡುವೆ ಸಿಕ್ಕಿಕೊಂಡ ಇಂಥವರಿಗೆ ಸಂಘವಾದರೂ ದಿಕ್ಕಾಗಬೇಕಿತ್ತು. ಆದರೆ ಮುಂಬೈ-ಪುಣೆಯ ನಮ್ಮ ದೊಡ್ಡ ಸಂಘಗಳಲ್ಲಿ ಹೆಚ್ಚಿನವು ಕರಾವಳಿಯವರದ್ದು, ಅದರಲ್ಲೂ ಒಂದೊಂದು ಸಮಾಜದ್ದು. ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಬಂದು ಕಟ್ಟಡ ಕಟ್ಟುವವರು ಯಾವ ಸಂಘದ ಆಜೀವ ಸದಸ್ಯರನ್ನು ಹಿಡಿದು ಶಿಫಾರಸು ತರಬೇಕು? ನಾನೂ ಕರಾವಳಿಯವಳೇ, ಹಾಗಾಗಿ ಹೇಳಬಹುದು. ನಿಮ್ಮ ಸಮಾಜದ ದುಡ್ಡು ನಿಮ್ಮ ಸಮಾಜದ ಮಕ್ಕಳಿಗೆ ಅಂತ ಚೆಕ್ಕಿಗೆ ನಿಯಮ ಇಟ್ಟುಕೊಂಡಿದ್ದೀರಿ, ಇರಲಿ. ಕೆಲಸಕ್ಕೆ ಆ ನಿಯಮ ಬೇಡ. ಕನ್ನಡ ಓದಲು-ಬರೆಯಲು ಬರುತ್ತದಾ ಅಂತ ಮಾತ್ರ ಕೇಳಿ. ಅಂಥವರು ನಿಮ್ಮ ಮನೆಗಳಲ್ಲೇ ಈಗ ಕಮ್ಮಿಯಾಗಿದ್ದಾರೆ ಅಲ್ವಾ?

ಹಿರಿಯರೊಬ್ಬರಿಗೆ ಈ ವಿಚಾರ ಹೇಳಿದಾಗ ಅವರು, “ನಾವು ಹಗಲು ಹೋಟೆಲಲ್ಲಿ ಕಪ್ಪು ತೊಳೆದು ರಾತ್ರಿ ಶಾಲೆಗೆ ಹೋದವರು ಮಾರಾಯ್ತಿ, ನಮಗೆ ಯಾರು ಸಂಬಳದ ಯೋಜನೆ ಮಾಡಿದ್ರು?” ಅಂದರು. ಗೌರವದಿಂದಲೇ ಉತ್ತರ ಕೊಡುತ್ತೇನೆ. ನನ್ನ ಅಪ್ಪನೂ ಫೋರ್ಟಿನ ಕ್ಯಾಂಟೀನಿನಲ್ಲಿದ್ದುಕೊಂಡೇ ಕನ್ನಡ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮಾಡಿದವರು. ಆ ರಾತ್ರಿ ಶಾಲೆಗಳು ಮುಂಬೈ ಕನ್ನಡಿಗರು ಮಾಡಿದ ಅತಿ ದೊಡ್ಡ ಕೆಲಸ ಅಂತ ನಾನು ನಂಬಿದ್ದೇನೆ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮೈಸೂರು ಅಸೋಸಿಯೇಶನ್ 1926, ಬಂಟರ ಸಂಘ 1927, ಕರ್ನಾಟಕ ಸಂಘ 1933. ಹೊಟ್ಟೆಪಾಡಿಗೆ ಬಂದ ಜನ ಇಷ್ಟು ಬೇಗ ಸಂಘ ಕಟ್ಟಿದರು, ಶಾಲೆ ನಡೆಸಿದರು.

ಆದರೆ ರಾತ್ರಿ ಶಾಲೆ ಗೆದ್ದದ್ದು ಹುಡುಗರು ಕಷ್ಟಪಟ್ಟದ್ದಕ್ಕೆ ಮಾತ್ರ ಅಲ್ಲ. ಕಷ್ಟ ಎಲ್ಲ ಕಡೆಯೂ ಇತ್ತು. ಅದು ಗೆದ್ದದ್ದು ಯಾರೋ ಹೋಟೆಲಿನ ವೇಳಾಪಟ್ಟಿ ಕೈಯಲ್ಲಿ ಹಿಡಿದು ಯೋಚನೆ ಮಾಡಿದ್ದಕ್ಕೆ. ಹುಡುಗರಿಗೆ ಹಗಲು ಬಿಡುವಿಲ್ಲ, ಹಾಗಾದರೆ ಶಾಲೆಯನ್ನೇ ರಾತ್ರಿಗೆ ಇಡೋಣ ಅಂದರು. ಆಫೀಸಿನಲ್ಲಿ ದುಡಿದು ಬಂದ ಗುಮಾಸ್ತರೇ ಎಷ್ಟೋ ಕಡೆ ಮೇಷ್ಟ್ರಾದರು. ಕೆಲಸದ ಸುತ್ತ ಓದನ್ನು ಹೊಂದಿಸಿದರು. ಇವತ್ತಿನ ಮಕ್ಕಳಿಗೆ ಅದನ್ನೇ ತಿರುಗಿಸಿ ಮಾಡಬೇಕಾಗಿದೆ, ಓದಿನ ಸುತ್ತ ಕೆಲಸ ಹೊಂದಿಸಬೇಕು. ಇನ್ನೊಂದು ಮಾತು. ರಾತ್ರಿ ಶಾಲೆಯಲ್ಲಿ ಓದಿ ವಕೀಲರಾದವರು, ಹೋಟೆಲು ಮಾಲೀಕರಾದವರು ನಮ್ಮ ಸ್ಮರಣ ಸಂಚಿಕೆಗಳಲ್ಲಿದ್ದಾರೆ. ನಿದ್ದೆಗಣ್ಣಲ್ಲಿ ಎಂಟನೇ ಕ್ಲಾಸಿಗೇ ಬಿಟ್ಟುಹೋದವರು ಯಾವ ಸಂಚಿಕೆಯಲ್ಲೂ ಇಲ್ಲ. ಅಪ್ಪನ ಬೆಂಚಿನಲ್ಲೇ ಅಂಥವರು ಬಹಳ ಮಂದಿ ಇದ್ದರಂತೆ.

ಮತ್ತೆ, ನಮ್ಮವರ ಮಕ್ಕಳು ಅಮೆರಿಕಕ್ಕೆ ಎಂಎಸ್ ಮಾಡಲು ಹೋಗಿ, ಅಲ್ಲಿನ ಕ್ಯಾಂಪಸ್ ಲೈಬ್ರರಿಯಲ್ಲೋ ಡೈನಿಂಗ್ ಹಾಲಿನಲ್ಲೋ ವಾರಕ್ಕೆ 20 ಗಂಟೆ ದುಡಿದರೆ ನಾವೇ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತೇವೆ. ತಟ್ಟೆ ಎತ್ತಿದರೂ ಡಾಲರಿನ ತಟ್ಟೆ! ಆ ದೇಶದ ಸ್ವಂತ ಮಕ್ಕಳಿಗಾಗಿ ‘ಫೆಡರಲ್ ವರ್ಕ್-ಸ್ಟಡಿ’ ಅಂತ ಒಂದು ಯೋಜನೆಯಿದೆ, 1964ರ ಕಾನೂನಿನಿಂದ ಬಂದದ್ದು. ಹೊರದೇಶದಿಂದ ಹೋದವರಿಗೆ ಅದು ಸಿಗುವುದಿಲ್ಲ, ಅವರು ಮಾಡುವುದು ಬೇರೆ ಕ್ಯಾಂಪಸ್ ಕೆಲಸ. ನನಗೆ ಈ ಯೋಜನೆಯಲ್ಲಿ ಎರಡು ವಿಷಯ ಹಿಡಿಸಿದವು. ಒಂದು, ವಿದ್ಯಾರ್ಥಿಗೆ ತಿಂಗಳಿಗೆ ಒಮ್ಮೆಯಾದರೂ ಸಂಬಳ ಕೊಡಲೇಬೇಕು, ಅದೂ ಕನಿಷ್ಠ ಕೂಲಿಗಿಂತ ಕಮ್ಮಿ ಇಲ್ಲದ ಹಾಗೆ. ಇನ್ನೊಂದು, ಕೆಲಸ ಕಾಲೇಜಿನ ಒಳಗೇ ಇರಬೇಕೆಂದಿಲ್ಲ. ಲಾಭಕ್ಕಾಗಿ ನಡೆಯದ ಹೊರಗಿನ ಸಂಸ್ಥೆಗಳಲ್ಲೂ ಮಾಡಬಹುದು. ಈ ಯೋಜನೆಗಾಗಿ ಸರ್ಕಾರದಿಂದ ಕಾಲೇಜಿಗೆ ಬಂದ ದುಡ್ಡಿನಲ್ಲಿ ಶೇಕಡಾ 7 ಭಾಗ ಸಮುದಾಯ ಸೇವೆಯ ಕೆಲಸಕ್ಕೆ ಹೋಗಲೇಬೇಕು ಅಂತ ನಿಯಮವಿದೆ. ಲಾಭಕ್ಕಾಗಿ ನಡೆಯದ ಸಂಸ್ಥೆ ಅಂದರೆ ಯಾವುದು? ನಿಮ್ಮ ಸಂಘದಂಥದ್ದೇ.

ಸಂಘದಲ್ಲಿ ಅಂಥ ಕೆಲಸ ಏನಿದೆ ಅನ್ನುತ್ತೀರಾ? ನಿಮ್ಮ ಲೈಬ್ರರಿಯ ಕಪಾಟಿನಿಂದಲೇ ಶುರು ಮಾಡೋಣ. ಬೀಗದ ಕೀ ಯಾರ ಹತ್ತಿರ ಇದೆ ಅಂತ ಕೂಡಲೇ ಹೇಳಬಲ್ಲಿರಾ? ಕೆಲವು ಸಂಘಗಳಲ್ಲಿ ಈಗ ಎಲ್ಲೂ ಸಿಗದ ಕನ್ನಡ ಪುಸ್ತಕಗಳಿವೆ, ಪಟ್ಟಿ ಇಲ್ಲ. ‘ಮೊಗವೀರ’, ‘ನೇಸರು’, ‘ಬಂಟರ ವಾಣಿ’, ‘ಅಕ್ಷಯ’, ‘ಸ್ನೇಹ ಸಂಬಂಧ’, ಹೀಗೆ ಒಂದು ಊರಿನಿಂದ ಇಷ್ಟು ಕನ್ನಡ ಪತ್ರಿಕೆಗಳು. ಮುಂಬೈ ಕನ್ನಡಿಗರ ಚರಿತ್ರೆ ಬರೆಯುವವರಿಗೆ ಇವುಗಳ ಹಳೆ ಸಂಚಿಕೆಗಳು ಬೇಕೇಬೇಕು. ಪ್ರತಿ ಪುಟ ಸ್ಕ್ಯಾನ್ ಮಾಡಿ, ಲೇಖನದ ಹೆಸರು ಟೈಪ್ ಮಾಡಿ ಸೂಚಿ ಮಾಡುವುದು ಕಾಲೇಜು ಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ. ಹಾಲ್ ಬುಕಿಂಗಿನ ಲೆಕ್ಕವನ್ನು ಟ್ಯಾಲಿಗೆ ಹಾಕುವುದಿದೆ. ವೆಬ್‌ಸೈಟಿನಲ್ಲಿ ತೀರಿಹೋದ ಪದಾಧಿಕಾರಿಗಳ ಫೋಟೋ ಇನ್ನೂ ನಗುತ್ತಿದೆ, ಅದನ್ನು ಸರಿ ಮಾಡುವುದಿದೆ. ಭಾನುವಾರದ ಕನ್ನಡ ಕಲಿಕೆ ತರಗತಿಗೆ ಮೇಷ್ಟ್ರು ಸಿಗುವುದಿಲ್ಲ ಅಂತ ನೀವೇ ಕೊರಗುತ್ತೀರಿ.

ನನಗೆ ಎಲ್ಲಕ್ಕಿಂತ ಜರೂರು ಅನ್ನಿಸುವ ಕೆಲಸ ಇನ್ನೊಂದಿದೆ. ಕಟ್ಟಡ ಕಾರ್ಮಿಕರಿಗೆ 1996ರ ಕಾನೂನಿನಿಂದ ಹುಟ್ಟಿದ ಕಲ್ಯಾಣ ಮಂಡಳಿ ಪ್ರತಿ ರಾಜ್ಯದಲ್ಲೂ ಇದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ, ಹೆಸರು ನೋಂದಾಯಿಸಬಹುದು. ಮಹಾರಾಷ್ಟ್ರದ ಮಂಡಳಿ ನೋಂದಾಯಿತ ಕಾರ್ಮಿಕರ ಮಕ್ಕಳ ಓದಿಗೆ, ಶಾಲೆಯಿಂದ ಹಿಡಿದು ಡಿಗ್ರಿ, ಎಂಜಿನಿಯರಿಂಗ್‌ವರೆಗೆ, ಸಹಾಯಧನ ಕೊಡುತ್ತದೆ. ನನ್ನ ಲೈಬ್ರರಿಯ ಹುಡುಗಿಯ ಅಪ್ಪನಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ 90 ದಿನದ ಸರ್ಟಿಫಿಕೇಟಿಗೆ ಕೂಲಿಯವರನ್ನು ಕೆಲಸಕ್ಕೆ ಹಚ್ಚುವ ಮುಕಾದಮನ ಹಿಂದೆ ತಿರುಗಿದರು. ಅವನು ನಾಳೆ ಬಾ ಅಂದ, ನಾಳೆ ಬಂದಾಗ ಸೈಟು ಮುಗಿದಿತ್ತು. ಫಾರ್ಮು ಮರಾಠಿಯಲ್ಲಿ, ಆನ್‌ಲೈನಿನಲ್ಲಿ. ಸೈಬರ್ ಕೆಫೆಯವನು ಒಂದು ಫಾರ್ಮಿಗೆ ಇಷ್ಟು ಅಂತ ಕೀಳುತ್ತಾನೆ, ತಪ್ಪು ತುಂಬಿದರೆ ಅದೂ ಹೋಯಿತು. ಕನ್ನಡ, ಮರಾಠಿ ಎರಡೂ ಬರುವ, ಮೊಬೈಲು ಕೈಯಲ್ಲೇ ಇರುವ ಇಬ್ಬರು ಕಾಲೇಜು ಮಕ್ಕಳು ಭಾನುವಾರ ಬೆಳಿಗ್ಗೆ ಕೂಲಿಯವರು ಕೆಲಸಕ್ಕಾಗಿ ಬಂದು ನಿಲ್ಲುವ ಮಜೂರ್ ಅಡ್ಡಾದ ಪಕ್ಕ ಒಂದು ಮೇಜು ಹಾಕಿಕೊಂಡು ಕೂತರೆ ಎಷ್ಟು ಮನೆಗಳ ಫಾರ್ಮು ಸರಿಯಾಗಿ ಹೋಗುತ್ತದೆ! ನೀವು ಕೊಟ್ಟ ಒಬ್ಬರ ಸಂಬಳ ಹತ್ತು ಮನೆಯ ಮಕ್ಕಳ ಫೀಸಿಗೆ ದಾರಿ ಮಾಡಿಕೊಡುತ್ತದೆ. ಮೇಜಿನ ಮೇಲೆ ಬೇಕಾದರೆ ನಿಮ್ಮ ಸಂಘದ ಬ್ಯಾನರ್ ಹಾಕಿ, ಯಾರೂ ಬೇಡ ಅನ್ನುವುದಿಲ್ಲ.

ದುಡ್ಡಿನ ವಿಷಯಕ್ಕೆ ಬರೋಣ, ಕೋಶಾಧಿಕಾರಿಗಳೇ. 50 ಮಕ್ಕಳಿಗೆ ತಲಾ 3,000 ಅಂದರೆ ಒಂದೂವರೆ ಲಕ್ಷ. ಇದೇ ದುಡ್ಡಿನಲ್ಲಿ ಗಂಟೆಗೆ 100 ರೂಪಾಯಿ ಹಾಗೆ, ವಾರಕ್ಕೆ 10 ಗಂಟೆ, ಪರೀಕ್ಷೆ-ರಜೆ ಕಳೆದು 36 ವಾರ ಲೆಕ್ಕ ಹಾಕಿದರೆ ಒಬ್ಬರಿಗೆ 36,000. ನಾಲ್ಕೇ ಮಕ್ಕಳು. ಇದನ್ನು ನಾನು ಮುಚ್ಚಿಡುವುದಿಲ್ಲ. ವಾರ್ಷಿಕ ವರದಿಯಲ್ಲಿ 50 ಅಂತ ಬರೆಯುವ ಕಡೆ 4 ಅಂತ ಬರೆಯಲು ಎದೆಗಾರಿಕೆ ಬೇಕು. ಆದರೆ 3,000 ಸಿಕ್ಕಿದ್ದರಿಂದ ಕಾಲೇಜು ಬಿಡದೆ ಉಳಿದವರು ಆ 50ರಲ್ಲಿ ಎಷ್ಟು ಜನ? ತಿಂಗಳಿಗೆ 4,000 ಬಂದರೆ ಆ ನಾಲ್ವರೂ ಉಳಿಯುತ್ತಾರೆ. ಅಲ್ಲದೆ ದುಡ್ಡು ಬರೀ ವಿದ್ಯಾರ್ಥಿ ನಿಧಿಯಿಂದಲೇ ಬರಬೇಕಿಲ್ಲ. ಡಿಟಿಪಿಗೆ ಹೊರಗಿನವರಿಗೆ ಕೊಡುತ್ತೀರಿ, ಲೆಕ್ಕ ಬರೆಯುವವರಿಗೆ ಕೊಡುತ್ತೀರಿ. ಸಮಾರಂಭದ ಮಂಟಪ, ಲೈಟು, ಶಾಲು, ಸ್ಮರಣಿಕೆ, ಆಮಂತ್ರಣ ಪತ್ರಿಕೆಯ ಖರ್ಚನ್ನು ಹಂಚಿದ ಚೆಕ್ಕುಗಳ ಮೊತ್ತದ ಪಕ್ಕ ಇಟ್ಟು ಒಮ್ಮೆ ನೋಡಿ. ನಾನು ನೋಡಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಶಾಲಾ ಮಕ್ಕಳಿಗೆ ಪುಸ್ತಕ, ಬ್ಯಾಗು ಕೊಡುವುದನ್ನು ನಿಲ್ಲಿಸಿ ಅಂತಲೂ ಹೇಳುತ್ತಿಲ್ಲ. ಅದು ನಡೆಯಲಿ.

ಆದರೆ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಕೆಲಸ ಅಂದರೆ ಕೆಲಸ. ವಿದ್ಯಾರ್ಥಿವೇತನ ಪಡೆದ ಮಕ್ಕಳನ್ನು ವಾರ್ಷಿಕೋತ್ಸವಕ್ಕೆ ‘ಸ್ವಯಂಸೇವಕರು’ ಅಂತ ಕರೆಸಿ, ಬ್ಯಾಡ್ಜು ಹಚ್ಚಿ, ಬೆಳಿಗ್ಗೆಯಿಂದ ಕುರ್ಚಿ ಜೋಡಿಸಿ, ಅತಿಥಿಗಳಿಗೆ ಚಹಾ ಕೊಡಿಸಿ, ರಾತ್ರಿ ಕೊನೇ ಪಂಕ್ತಿಗೆ ಊಟಕ್ಕೆ ಕೂರಿಸುವುದು ಕೆಲವು ಕಡೆ ಇದೆ. ಪದಾಧಿಕಾರಿಗಳ ಮಕ್ಕಳು ಕುರ್ಚಿ ಜೋಡಿಸಿದ್ದನ್ನು ನಾನು ನೋಡಿಲ್ಲ. ಹೊಸ ಯೋಜನೆ ಅದರ ಇನ್ನೊಂದು ಹೆಸರು ಆಗಬಾರದು. ಮನೆಗೆ ಕರೆಸಿ ಬ್ಯಾಂಕಿನ ಕೆಲಸಕ್ಕೆ ಓಡಿಸುವುದೂ ಬೇಡ. ಇಂಥ ಕೆಲಸ, ಇಷ್ಟು ಗಂಟೆ, ಇಂಥವರ ಕೈಕೆಳಗೆ ಅಂತ ಮೊದಲೇ ಕಾಗದದಲ್ಲಿ ಬರೆದುಕೊಡಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೂಡ ಹೀಗೆ ದುಡಿಯುವ ವಿದ್ಯಾರ್ಥಿಗಳಿಗೆ ವಾರಕ್ಕೆ ಹೆಚ್ಚೆಂದರೆ 20 ಗಂಟೆ, ಅದೂ ತರಗತಿಯ ಹೊತ್ತು ಬಿಟ್ಟು ಅಂತ ಮಿತಿ ಸೂಚಿಸಿದೆ. ನನ್ನ ಕೇಳಿದರೆ 10-12 ಗಂಟೆ ಸಾಕು, ಪರೀಕ್ಷೆಯ ತಿಂಗಳು ಸೊನ್ನೆ. ಸಂಬಳ ನಿಮ್ಮ ಹಾಲ್ ಗುಡಿಸುವವರಿಗೆ ಗಂಟೆಗೆ ಬೀಳುವುದಕ್ಕಿಂತ ಕಮ್ಮಿ ಇರಬಾರದು. ಅವರಿಗೂ ಕಮ್ಮಿಯೇ ಕೊಡುತ್ತಿದ್ದರೆ, ಅದು ಬೇರೆ ಪತ್ರದ ವಿಷಯ.

ಎಲ್ಲರಿಗೂ ಕೆಲಸ ಆಗುವುದಿಲ್ಲ, ಅದನ್ನೂ ನೋಡಬೇಕು. ಸಂಜೆ ಆರರವರೆಗೆ ಪ್ರಾಕ್ಟಿಕಲ್ ಇರುವ ನರ್ಸಿಂಗ್ ಹುಡುಗಿ, ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುವ ಹುಡುಗ, ಸ್ವಂತ ಆರೋಗ್ಯವೇ ಸರಿ ಇಲ್ಲದವರು. ಅವರಿಗೆ ಹಾಗೇ ಕೊಡಿ, ಕೈಯಲ್ಲಿ ಪೊರಕೆ ಕೊಟ್ಟು ಕೊಡಬೇಡಿ. ಜೂನಿನಲ್ಲೇ ಕೊಡಿ, ನೇರ ಖಾತೆಗೆ ಹಾಕಿ.

ನೀವು ಶುರು ಮಾಡುವುದಾದರೆ ಹಾಜರಿ ಪುಸ್ತಕದ ಮಾದರಿ, ಪುಸ್ತಕಗಳ ಪಟ್ಟಿ ಮಾಡುವ ಕ್ರಮ, ಎರಡನ್ನೂ ನಾನು ಕಳಿಸಿಕೊಡುತ್ತೇನೆ. ಪುಣೆಯ ಸಂಘವಾದರೆ ಶನಿವಾರ ಮಧ್ಯಾಹ್ನ ಬಂದು ಮೊದಲ ಇಬ್ಬರಿಗೆ ಕಲಿಸಿಕೊಡುತ್ತೇನೆ. ಮುಂಬೈಯಾದರೆ ತಿಂಗಳಿಗೊಮ್ಮೆ ಡೆಕ್ಕನ್ ಕ್ವೀನ್ ಹತ್ತಿದರಾಯಿತು, ತವರು ಮನೆಗೂ ಹೋಗಿ ಬಂದ ಹಾಗಾಗುತ್ತದೆ.

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಇದನ್ನು ಚರ್ಚೆಗೆ ಇಡಿ. ‘ಅಧ್ಯಕ್ಷರ ಅನುಮತಿಯಿಂದ ಬರುವ ಇತರ ವಿಷಯಗಳು’ ಅಂತ ಕೊನೆಗೆ ತಳ್ಳಬೇಡಿ, ಅಷ್ಟು ಹೊತ್ತಿಗೆ ಎಲ್ಲರೂ ಊಟದ ಸಾಲಿನಲ್ಲಿರುತ್ತಾರೆ. ಬಜೆಟ್ ಮಂಡಿಸುವಾಗಲೇ ಇಡಿ, ಎದುರಿಗೆ ಒಂದು ಮೊತ್ತವನ್ನೂ ಬರೆಯಿರಿ.

ಇಂತಿ ನಿಮ್ಮ ಸಂಘಗಳಲ್ಲೊಂದರ ಆಜೀವ ಸದಸ್ಯೆ,
ಲೈಬ್ರರಿ ಸಹಾಯಕಿ, ಪುಣೆ